ಮೇಲಿನ ಬೀದಿಯಲ್ಲಿ ನಿಂತ ಗಾಡಿ

ಸಾತನೂರಿನ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮೇಷ್ಟ್ರಾಗಿದ್ದ ಗಂಗಹನುಮಯ್ಯ ಎಪ್ಪತ್ತೇಳನೇ ಇಸವಿಯ ದೀಪಾವಳಿ ಕಳೆದ ಮೇಲೆ ಚನ್ನಪಟ್ಟಣಕ್ಕೆ ಹೋಗಿ ಒಂದು ಹಳೇ ಜಾವಾ ಮೋಟರ್‌ಸೈಕಲ್ ಕೊಂಡ. ಅವನ ಊರು ಎಲಚಿದೊಡ್ಡಿಗೆ ಬಸ್ಸಿರಲಿಲ್ಲ. ಕ್ರಾಸಿನವರೆಗೆ ಒಂದೂವರೆ ಮೈಲಿ ನಡೆದು, ಅಲ್ಲಿ ಬಸ್ಸಿಗೆ ಕಾಯಬೇಕು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇನ್ನೂ ನಾಲ್ಕು ಮೈಲಿ ಕಾಲೇ ಗತಿ. ಐದು ವರ್ಷ ಹಾಗೆ ನಡೆದು, ಬೆವರಿ, ತಡವಾಗಿ ಕ್ಲಾಸಿಗೆ ಹೋಗಿ ಅವನಿಗೆ ಸಾಕಾಗಿತ್ತು.

ಗಾಡಿ ಕೊಟ್ಟವನು ಬಿಸ್ಮಿಲ್ಲಾ. ಹೆದ್ದಾರಿ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ಕು. ಯಾರೋ ರೇಷ್ಮೆಗೂಡಿನ ವ್ಯಾಪಾರಿ ಬಿಟ್ಟುಹೋದ ಗಾಡಿ ಅವನ ಶೆಡ್ಡಿನಲ್ಲಿ ಮೂರು ವರ್ಷ ಗೋಣಿಚೀಲ ಹೊದ್ದು ಮಲಗಿತ್ತು. ಅದನ್ನು ಬಿಚ್ಚಿ, ಸವೆದದ್ದನ್ನೆಲ್ಲ ಹೊಸದು ಹಾಕಿ ಕಟ್ಟಿಕೊಟ್ಟ. ಆದರೆ ಕೀ ಕೊಡುವ ಮುಂಚೆ ಒಂದು ಷರತ್ತು ಹಾಕಿದ.

"ಮೇಷ್ಟ್ರೇ, ನಾಲ್ಕು ಭಾನುವಾರ ಇಲ್ಲಿಗೆ ಬರಬೇಕು. ನಿಮ್ಮೂರಲ್ಲಿ ಕೆಟ್ಟು ನಿಂತರೆ ನಾನು ಓಡಿ ಬರೋಕಾಗಲ್ಲ. ನೀವೇ ಬಿಚ್ಚಿ ನೀವೇ ಹಾಕ್ಬೇಕು."

ಗಂಗಹನುಮಯ್ಯ ಹುಡುಗನಾಗಿದ್ದಾಗ ಇದೇ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ಮರ ಕಡೆಯುತ್ತಿದ್ದವನು. ಉಳಿಯ ತುದಿ ಕೂದಲೆಳೆಯಷ್ಟು ಆಚೆ ಹೋದರೆ ಬೊಂಬೆಯ ಕತ್ತು ತುಂಡಾಗುತ್ತದೆ ಅನ್ನುವುದು ಅವನ ಬೆರಳಿಗೆ ಗೊತ್ತಿತ್ತು. ಹಾಗಾಗಿ ಬೇಗ ಕಲಿತ. ಪ್ಲಗ್ಗು ಬಿಚ್ಚಿ ಮಸಿ ಕೆರೆಯುವುದು, ಕಿಡಿ ಹುಟ್ಟಿಸುವ ಪಾಯಿಂಟಿನ ಸಂದಿಗೆ ಸಿಗರೇಟು ಪ್ಯಾಕಿನ ರಟ್ಟು ತೂರಿಸಿ ಅಳತೆ ನೋಡುವುದು, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು, ಸೈಲೆನ್ಸರಿನೊಳಗೆ ಕಟ್ಟಿದ ಕರಿಯನ್ನು ಹೇಗೆ ಸುಟ್ಟು ಉದುರಿಸಬೇಕು, ಎಲ್ಲ ಕಲಿತ. ಓಡಿಸುವುದು ಮಾತ್ರ ಅಷ್ಟು ಬೇಗ ಬರಲಿಲ್ಲ. ಆ ಗಾಡಿಗೆ ಕಿಕ್ಕೂ ಅದೇ, ಗೇರೂ ಅದೇ. ಒಂದೇ ಸಲಾಕೆಯನ್ನು ಹಿಂದಕ್ಕೆ ಮಡಚಿದರೆ ಕಿಕ್ಕು, ಮುಂದಕ್ಕೆ ತಂದರೆ ಗೇರು. ಮೊದಲ ವಾರ ಕಬ್ಬಾಳಿನ ರಸ್ತೆಯಲ್ಲಿ ಎರಡು ಸಲ ಬಿದ್ದ. ಸೈಲೆನ್ಸರಿಗೆ ತಾಗಿ ಮೀನಖಂಡ ಸುಟ್ಟುಕೊಂಡ. ಮೂರನೇ ವಾರ ಒಂದು ಬೆಳಿಗ್ಗೆ, ಎದುರಿಗೆ ದುರ್ಗದ ಬೆಟ್ಟ ಮಂಜಿನಿಂದ ಅರ್ಧ ಎದ್ದಿರುವಾಗ, ನಾಲ್ಕನೇ ಗೇರಿನಲ್ಲಿ ಗಾಡಿ ತಾನೇ ತಾನಾಗಿ ಹರಿಯಿತು. ಅವನಿಗೆ ಹಾಡಬೇಕು ಅನ್ನಿಸಿತು. ಹಾಡಲಿಲ್ಲ, ರಸ್ತೆಯಲ್ಲಿ ಜನ ಇದ್ದರು.

ಊರಿಗೆ ಮೊದಲ ಸಲ ಗಾಡಿ ತಂದ ಸಾಯಂಕಾಲವೇ ಎಲ್ಲ ಶುರುವಾದದ್ದು. ಎಲಚಿದೊಡ್ಡಿಗೆ ಇರುವುದೊಂದೇ ದಾರಿ. ಕ್ರಾಸಿನಿಂದ ಬಂದರೆ ಮೊದಲು ಹೊಂಗೆ ಮರ, ಆಮೇಲೆ ಜಮೀನುದಾರರ ಮೇಲಿನ ಬೀದಿ, ಅದು ಮುಗಿದು ಮಾರಿಗುಡಿ, ಅದರ ಹಿಂದೆ ಗಂಗಹನುಮಯ್ಯನವರ ಕೇರಿ. ಕೇರಿಯವರು ಮೇಲಿನ ಬೀದಿಯಲ್ಲಿ ಕೆರ ಕೈಯಲ್ಲಿ ಹಿಡಿದು ನಡೆಯಬೇಕೆಂಬುದು ಅವನ ಅಪ್ಪ ದೊಡ್ಡಹನುಮಯ್ಯನ ಕಾಲದ ಕಟ್ಟುಪಾಡು. ಅದನ್ನು ಈಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ.

ಬೀದಿಯ ನಡುಮನೆ ಬೋರಲಿಂಗಯ್ಯನದು. ಹದಿನೆಂಟು ಎಕರೆ, ಎರಡು ಜೊತೆ ಎತ್ತು, ಹಿಪ್ಪುನೇರಳೆ ತೋಟ. ಸದ್ದು ಕೇಳಿ ಜಗುಲಿಯಿಂದ ಎದ್ದು ಬೀದಿಗಿಳಿದ.

"ಏಯ್ ಹನುಮ, ನಿಲ್ಸಲಾ. ಏನ್ಲಾ ಇದು?"

"ಗಾಡಿ, ಬುದ್ದಿ."

"ಗಾಡಿ ಅಂತ ನಂಗೂ ಕಾಣ್ತದೆ. ನಿಮ್ಮಪ್ಪ ಈ ಬೀದೀಲಿ ಕೆರ ಕೈಲಿಡ್ಕಂಡು ಹೋಗೋನು. ನೀನು ನನ್ ಮುಂದೆ ಕಾಲಗಲಿಸ್ಕಂಡು ಕುಂತು ಹೋಯ್ತೀಯಾ? ಇಳಿ. ತಳ್ಕಂಡ್ ಹೋಗು."

ಗಂಗಹನುಮಯ್ಯ ಇಳಿದ. ತಳ್ಳಿದ. ಯಾಕೆ ಇಳಿದೆ ಅಂತ ಆಮೇಲೆ ಬಹಳ ಸಲ ತನ್ನನ್ನೇ ಕೇಳಿಕೊಂಡ. ಕಾಲು ತಾನಾಗಿ ಇಳಿದುಬಿಟ್ಟಿತ್ತು. ಮಾರನೆಯ ದಿನವೂ ಹೊಂಗೆ ಮರದ ಹತ್ತಿರ ಎಂಜಿನ್ ಆಫ್ ಮಾಡಿ ಇಳಿದ. ಅದರ ಮಾರನೆಯ ದಿನವೂ. ಗಾಡಿ ಒಂದೂವರೆ ಆಳು ಭಾರ. ಮಳೆ ಬಂದು ಬೀದಿ ಕೊಚ್ಚೆಯಾದಾಗ ಹಿಂದಿನ ಚಕ್ರ ಹೂತುಕೊಳ್ಳುತ್ತಿತ್ತು. ಜಗುಲಿಯ ಮೇಲೆ ಕೂತವರು ಎಲೆಯಡಿಕೆ ಮೆಲ್ಲುತ್ತ ನೋಡುತ್ತಿದ್ದರು. ಯಾರೂ ಒಂದು ಕೈ ಕೊಡುತ್ತಿರಲಿಲ್ಲ. ಮನೆಗೆ ಬಂದು ಸಿಡಿಮಿಡಿಗುಟ್ಟಿದರೆ ಅಪ್ಪ, "ತಳ್ಳಿದ್ರೆ ಏನ್ ಸವ್ದೋಯ್ತೀಯ? ನಾವೆಲ್ಲ ಬದುಕ್ಲಿಲ್ವಾ?" ಅನ್ನುತ್ತಿದ್ದ.

ಹಾಗೇ ಒಂಬತ್ತು ತಿಂಗಳು ಹೋಯಿತು. ಆಮೇಲೆ ಕಿಕ್ಕು ಜಾರತೊಡಗಿತು. ಹತ್ತು ಸಲ ತುಳಿದರೆ ಒಂದು ಸಲ ಹಿಡಿಯುತ್ತಿತ್ತು. ಭಾನುವಾರ ಚನ್ನಪಟ್ಟಣಕ್ಕೆ ತಗೊಂಡು ಹೋದ. ಬಿಸ್ಮಿಲ್ಲಾ ಪಕ್ಕದ ಮುಚ್ಚಳ ಬಿಚ್ಚಿ ಒಂದು ಹಲ್ಲುಚಕ್ರವನ್ನು ಬೆಳಕಿಗೆ ಹಿಡಿದ. ಹಲ್ಲುಗಳು ಮುದುಕನ ವಸಡಿನ ಹಾಗೆ ನುಣುಪಾಗಿದ್ದವು.

"ಇದು ನಾನೇ ಹೊಸದು ಹಾಕಿದ್ದು. ಏಳೆಂಟು ವರ್ಷ ಬರಬೇಕು. ದಿನಕ್ಕೆ ಎಷ್ಟು ಸಲ ಕಿಕ್ ಹೊಡೀತೀರಾ?"

ಗಂಗಹನುಮಯ್ಯ ಬಿಚ್ಚಿಟ್ಟ ಮುಚ್ಚಳವನ್ನು ಬಟ್ಟೆಯಿಂದ ಒರೆಸತೊಡಗಿದ.

"ಮೇಷ್ಟ್ರೇ, ಕೇಳಿದ್ದು ನಿಮ್ಮನ್ನೇ."

ಹೇಳಬೇಕಾಯಿತು. ಹೊಂಗೆ ಮರದ ಹತ್ತಿರ ಆಫ್ ಮಾಡುವುದು, ಮಾರಿಗುಡಿಯ ಹತ್ತಿರ ಮತ್ತೆ ಸ್ಟಾರ್ಟ್ ಮಾಡುವುದು, ಬೆಳಿಗ್ಗೆ ಹೋಗುವಾಗ ಅದೇ ತಿರುಗುಮುರುಗು. ಬಿಸಿ ಎಂಜಿನ್ನು ಸುಲಭಕ್ಕೆ ಹತ್ತುವುದಿಲ್ಲ, ತುಳಿದು ತುಳಿದು ಸಾಕಾಗುತ್ತದೆ. ಹೇಳುವಾಗ ಅವನು ಬಿಸ್ಮಿಲ್ಲಾನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚಕ್ರ ನೋಡುತ್ತಿದ್ದ. ಮರುಗುತ್ತಾನೆ ಅಂದುಕೊಂಡಿದ್ದ. ಬಿಸ್ಮಿಲ್ಲಾನಿಗೆ ಸಿಟ್ಟು ಬಂತು.

"ನಾನು ಓಡ್ಸೋರಿಗೆ ಅಂತ ಗಾಡಿ ಕೊಟ್ಟಿದ್ದು. ತಳ್ಳೋಕೆ ಅಂತ ಅವತ್ತೇ ಹೇಳಿದ್ರೆ ಎಂಜಿನ್ ಬಿಚ್ಚಿಟ್ಕೊಂಡು ಕೊಡ್ತಿದ್ದೆ, ನಿಮಗೂ ಹಗುರ ಆಗೋದು. ಪೊಲೀಸಿಗೆ ಹೋಗಿ. ಕಾನೂನು ಐತೆ."

"ಹೋದ್ರೆ ನಮ್ಮಪ್ಪನ ಕೂಲಿ ಹೋಗ್ತದೆ. ಅವ್ರ ತೋಟದಲ್ಲೇ ಕೆಲ್ಸ ಅವ್ನಿಗೆ."

"ಹಂಗಾದ್ರೆ ತಳ್ಳಿ. ಆದ್ರೆ ಇದೇ ಹಲ್ಲು ಇನ್ನೊಂದು ಸಲ ಸವೆಸ್ಕೊಂಡು ನನ್ ಶೆಡ್ಡಿಗೆ ಬರಬೇಡಿ" ಅನ್ನುತ್ತ ಹೊಸ ಹಲ್ಲುಚಕ್ರ ಕೂರಿಸಿಕೊಟ್ಟ.

ಸೋಮವಾರ ಬೆಳಿಗ್ಗೆ ಗಂಗಹನುಮಯ್ಯ ಮಾರಿಗುಡಿಯ ಹತ್ತಿರ ಆಫ್ ಮಾಡಲಿಲ್ಲ. ಎರಡನೇ ಗೇರಿನಲ್ಲಿ ಮೇಲಿನ ಬೀದಿಯೊಳಗೆ ನುಗ್ಗಿದ. ಎರಡು ಸೈಲೆನ್ಸರಿನ ಸದ್ದು ಎರಡೂ ಬದಿಯ ಗೋಡೆಗೆ ಬಡಿದು ದುಪ್ಪಟ್ಟಾಯಿತು. ಜಗುಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಗೌರವಕ್ಕೆ ಎದ್ದದ್ದಲ್ಲ. ಬೋರಲಿಂಗಯ್ಯ ಕೂಗಿದ್ದು ಕಿವಿಗೆ ಬಿತ್ತು, ಏನಂದ ಅಂತ ಕೇಳಿಸಲಿಲ್ಲ. ಹೊಂಗೆ ಮರ ದಾಟಿದ ಮೇಲೆ ನೋಡಿಕೊಂಡ. ಗಾಡಿ ಇನ್ನೂ ಎರಡನೇ ಗೇರಿನಲ್ಲೇ ಇತ್ತು.

ಆಮೇಲಿನ ದಿನಗಳು ಯಾರಿಗೂ ಬೇಡ. ದಾರಿಯಲ್ಲಿ ಜಾಲಿಮುಳ್ಳು ಬೀಳತೊಡಗಿತು. ಗಾಳಿಗೆ ಬಿದ್ದದ್ದಲ್ಲ, ಚಕ್ರ ಹೋಗುವ ಜಾಡಿನಲ್ಲೇ ಬಿಡಿಬಿಡಿಯಾಗಿ ಚುಚ್ಚಿಟ್ಟದ್ದು. ಮೊದಲ ತಿಂಗಳಲ್ಲೇ ಹನ್ನೊಂದು ಪಂಕ್ಚರು. ಗಂಗಹನುಮಯ್ಯ ಪಂಪು, ಪಟ್ಟಿ, ಸಲ್ಯೂಷನ್ನು ಚೀಲದಲ್ಲಿ ಇಟ್ಟುಕೊಂಡೇ ಓಡಾಡಿದ. ಚಕ್ರ ಬಿಚ್ಚಿ, ಟ್ಯೂಬನ್ನು ಕೆರೆಯ ನೀರಿನಲ್ಲಿ ಅದ್ದಿ ಗುಳ್ಳೆ ನೋಡಿ, ಉಜ್ಜಿ ಅಂಟಿಸಿ, ಮತ್ತೆ ಹಾಕಲು ಮೊದಮೊದಲು ಒಂದು ಗಂಟೆ ಬೇಕಾಗುತ್ತಿತ್ತು. ಕೊನೆಕೊನೆಗೆ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದ. ರೇಷನ್ ಅಂಗಡಿ ಮುಂದೆ ನಿಲ್ಲಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಯಾರೋ ಸೀಟನ್ನು ಕುಡುಗೋಲಿನಿಂದ ಉದ್ದಕ್ಕೆ ಸೀಳಿದ್ದರು. ದಬ್ಬಳ ತಗೊಂಡು ತಾನೇ ಹೊಲಿದ. ಆ ಹೊಲಿಗೆ ಕೂತಾಗಲೆಲ್ಲ ಒತ್ತುತ್ತಿತ್ತು.

ಬೋರಲಿಂಗಯ್ಯ ದೊಡ್ಡಹನುಮಯ್ಯನನ್ನು ತೋಟದ ಬೇಲಿಯ ಹತ್ತಿರವೇ ನಿಲ್ಲಿಸಿ, "ನಾಳೆಯಿಂದ ಬರಬ್ಯಾಡ. ಮಗನ ಗಾಡಿ ಒರೆಸ್ಕಂಡು ಮನೇಲಿರು" ಅಂದು ಕಳಿಸಿದ.

ಅವತ್ತು ಮನೆಯಲ್ಲಿ ದೊಡ್ಡ ಜಗಳ.

"ಸಂಬಳ ತರ್ತೀನಲ್ಲಪ್ಪ, ಕುಂತು ಉಣ್ಣು" ಅಂದ ಮಗ.

"ನಿನ್ ಸಂಬಳ ಕೇಳಿದ್ನೇನ್ಲಾ ನಾನು? ಆ ತೋಟದ ಒಂದೊಂದು ಕಡ್ಡೀನೂ ನಾನ್ ನೆಟ್ಟಿದ್ದು. ಹನ್ನೆರಡು ವರ್ಷದೋನಿಂದ ಅಲ್ಲೇ ಬಗ್ಗಿ ಬೆನ್ನು ಗೂನಾಗೈತೆ. ನಿನ್ ಗಾಡಿ ನನ್ನ ಆ ಬೇಲಿಯಿಂದ ಆಚೆಗೆ ನೂಕ್ತು."

"ನೂಕಿದ್ದು ಗಾಡಿಯಲ್ಲ, ಬೋರಲಿಂಗಯ್ಯ."

"ನಂಗೆ ಎರಡೂ ಒಂದೇಯ."

ಅದಾಗಿ ಹದಿನೈದು ದಿನಕ್ಕೆ, ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಗಂಗಹನುಮಯ್ಯ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಟ. ಮಾರಿಗುಡಿ ದಾಟುವಾಗ ಎಂಜಿನ್ ಒಮ್ಮೆ ಕೆಮ್ಮಿತು. ಮೇಲಿನ ಬೀದಿಯೊಳಗೆ ಇನ್ನೆರಡು ಸಲ ಎಳೆದಾಡಿ, ಸರಿಯಾಗಿ ಬೋರಲಿಂಗಯ್ಯನ ಜಗುಲಿಯ ಮುಂದೆ ನಿಂತುಹೋಯಿತು. ತುಳಿದ. ಮತ್ತೆ ತುಳಿದ. ಹತ್ತಲಿಲ್ಲ.

ಯಾರೋ ನಕ್ಕು, "ಇವತ್ತು ತಳ್ಳಲೇಬೇಕಲ್ಲಾ ಮೇಷ್ಟ್ರು" ಅಂದರು.

ಗಂಗಹನುಮಯ್ಯ ಹಿಂದೆ ನೋಡಿದ, ಮುಂದೆ ನೋಡಿದ. ಮನೆಗೆ ಹೋಗುವುದಾದರೂ ತಳ್ಳಬೇಕು, ಕ್ರಾಸಿಗೆ ಹೋಗುವುದಾದರೂ ತಳ್ಳಬೇಕು. ಗಾಡಿಯನ್ನು ಬೀದಿಯ ನಡುಮಧ್ಯ ಸ್ಟ್ಯಾಂಡ್ ಹಾಕಿದ. ಅಂಗಿ ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿದ. ಚೀಲದಿಂದ ಗೋಣಿತಟ್ಟು ತೆಗೆದು ಹಾಸಿ, ಸ್ಪ್ಯಾನರುಗಳನ್ನು ಅದರ ಮೇಲೆ ಜೋಡಿಸಿದ.

"ಏನ್ಲಾ ಮಾಡ್ತಿದೀಯ?" ಬೋರಲಿಂಗಯ್ಯ ಜಗುಲಿಯಿಂದಲೇ ಕೇಳಿದ.

"ರಿಪೇರಿ."

"ನಿಮ್ ಕೇರೀಲಿ ಮಾಡ್ಕಳ್ಲಾ. ತಳ್ಕಂಡ್ ಹೋಗು."

"ತಳ್ಳಾಕಿಲ್ಲ."

ಬುದ್ದಿ ಅನ್ನುವ ಮಾತು ಬಾಯಿಗೆ ಬರಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು.

ಮೊದಲು ಪ್ಲಗ್ಗು ಬಿಚ್ಚಿ ಎಂಜಿನ್ನಿಗೆ ಆನಿಸಿ ತುಳಿದು ನೋಡಿದ. ಕಿಡಿ ಚೆನ್ನಾಗಿಯೇ ಹಾರುತ್ತಿತ್ತು. ಪೆಟ್ರೋಲ್ ಪೈಪು ಎಳೆದ. ಸುರಿಯಬೇಕಾದದ್ದು ಹನಿಹನಿಯಾಗಿ ತೊಟ್ಟಿಕ್ಕಿತು. ಕಾರ್ಬೊರೇಟರ್ ಬಿಚ್ಚಿ, ಒಳಗಿನ ಸಣ್ಣ ಸಾಮಾನುಗಳನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಇಟ್ಟು, ಬಟ್ಟಲಿನ ತಳ ನೋಡಿದ. ಕಂದು ಬಣ್ಣದ ಗಸಿ ಮೆತ್ತಿಕೊಂಡಿತ್ತು. ಬೆರಳಲ್ಲಿ ತೀಡಿದ, ಮೂಸಿದ. ಪೆಟ್ರೋಲಿನ ನಾತದ ಅಡಿಯಲ್ಲಿ ದಿನಾ ಉಣ್ಣುವುದರ ವಾಸನೆ. ರಾಗಿ ಹಿಟ್ಟು.

ಎದ್ದು ನಿಂತ.

"ಬೋರಲಿಂಗಯ್ಯನೋರೆ, ಮುಳ್ಳು ಹಾಕಿದ್ರಿ, ಸೀಟು ಕುಯ್ದ್ರಿ. ಈಗ ಟ್ಯಾಂಕಿಗೆ ರಾಗಿ ಹಿಟ್ಟು. ನಿಮ್ಮನೇಲಿ ರಾಗಿ ಅಷ್ಟು ಹೆಚ್ಚಾಗೈತಾ?"

"ರಾಗಿನಾ?" ಬೋರಲಿಂಗಯ್ಯ ನಿಜಕ್ಕೂ ಬೆರಗಾದ. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕ. "ನಾನ್ ಮಾಡೋದಾದ್ರೆ ಕೊಡ್ಲಿ ತಕಂಡು ಎಲ್ರ ಕಣ್ಮುಂದೇನೇ ಮಾಡ್ತೀನಿ ಕಣ್ಲಾ. ಕದ್ದು ನಿಮ್ ಕೇರಿಗೆ ಬಂದು ಹಿಟ್ಟು ಹಾಕೋ ಗತಿ ನಂಗ್ ಬಂದಿಲ್ಲ. ಹೋಗಿ ನಿಮ್ಮೋರ್ನೇ ಕೇಳ್ಕೊ."

ಹಾಗೆ ಅನ್ನುತ್ತಲೇ ಬೀದಿಗಿಳಿದು ಬಂದು, ಗೋಣಿತಟ್ಟಿನ ಮೇಲಿದ್ದ ಮುಚ್ಚಳವನ್ನು ಕಾಲಿನಿಂದ ಒದ್ದ. ಒಳಗಿದ್ದ ಸಾಮಾನೆಲ್ಲ ಚರಂಡಿಯ ಕಡೆ ಚೆಲ್ಲಿತು.

ಗಂಗಹನುಮಯ್ಯ ಸ್ಪ್ಯಾನರು ಹಿಡಿದ ಕೈಯನ್ನು ಎತ್ತಿದ್ದ. ಸುತ್ತ ಏಳೆಂಟು ಜನ ಇದ್ದರು. ಎತ್ತಿದ ಕೈ ಇಳಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಮೊಣಕಾಲೂರಿ ಚರಂಡಿಗೆ ಕೈ ಹಾಕಿ ಒಂದೊಂದಾಗಿ ಹುಡುಕಿದ. ಸ್ಕ್ರೂ ಸಿಕ್ಕಿತು, ಸೂಜಿ ಸಿಕ್ಕಿತು. ಹುರುಳಿಕಾಳಿನಷ್ಟು ದಪ್ಪದ ಜೆಟ್ಟು ಸಿಗಲಿಲ್ಲ. ಪೆಟ್ರೋಲು ಅದರ ತೂತಿನಿಂದಲೇ ಎಂಜಿನ್ನಿಗೆ ಹೋಗಬೇಕು.

ಅಷ್ಟರಲ್ಲಿ ಸುದ್ದಿ ತಿಳಿದು ಅವನ ಹೆಂಡತಿ ವರಲಕ್ಷ್ಮಮ್ಮ ಬಂದಳು. ಗಂಡನ ಮೊಣಕೈವರೆಗಿನ ಕೊಚ್ಚೆ ನೋಡಿದಳು.

"ಏನ್ ಸಿಕ್ತಿಲ್ಲ?"

"ಜೆಟ್ಟು. ಅದಿಲ್ದೆ ಓಡಾಕಿಲ್ಲ. ಚನ್ನಪಟ್ಣಕ್ಕೇ ಹೋಗ್ಬೇಕು."

"ಹೋಗು. ನಾನಿಲ್ಲಿ ಕುಂತಿರ್ತೀನಿ."

"ಈ ಬೀದೀಲಾ?"

"ಇನ್ನೆಲ್ಲಿ? ಬುಟ್ಟು ಹೋದ್ರೆ ನೀನ್ ಬರೋ ಹೊತ್ಗೆ ಚಕ್ರಾನೂ ಇರಾಕಿಲ್ಲ."

ಅವಳು ಗೋಣಿತಟ್ಟಿನ ಮೇಲೆ ಗಾಡಿಗೆ ಬೆನ್ನು ಕೊಟ್ಟು ಕೂತಳು. ಅವನು ಅಂಗಿ ಹಾಕಿಕೊಂಡು ಕ್ರಾಸಿನ ಕಡೆ ಓಡಿದ.

ಚನ್ನಪಟ್ಟಣ ಮುಟ್ಟಿದಾಗ ಹನ್ನೊಂದೂವರೆ. ಬಿಸ್ಮಿಲ್ಲಾ ಕತೆ ಪೂರ್ತಿ ಕೇಳಲಿಲ್ಲ. ಬೆಂಕಿಪೊಟ್ಟಣದಿಂದ ಜೆಟ್ಟು ಆರಿಸಿ, ಸೋಸಲು ತೆಳುಬಟ್ಟೆ, ಒಂದು ಡಬ್ಬ ಪೆಟ್ರೋಲು ಕೊಟ್ಟ. "ಟ್ಯಾಂಕು ಮೂರು ಸಲ ತೊಳೀರಿ. ಹಿಟ್ಟು ಪೆಟ್ರೋಲಲ್ಲಿ ಕರಗಲ್ಲ, ತಳದಲ್ಲಿ ಕಾಯ್ತಾ ಇರ್ತದೆ" ಅಂದ. ಡಬ್ಬ ನೋಡಿ ಕಂಡಕ್ಟರು ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ. ಒಂದು ಲಾರಿ ಸಿಕ್ಕಿತು. ಅವನು ಹೊಂಗೆ ಮರದ ಹತ್ತಿರ ಬಂದಾಗ ಮೂರು ದಾಟಿತ್ತು.

ವರಲಕ್ಷ್ಮಮ್ಮ ಗೋಣಿತಟ್ಟಿನ ಮೇಲೆ ಇರಲಿಲ್ಲ. ಗಾಡಿಯ ಸೀಟಿನ ಮೇಲೆ ಕೂತಿದ್ದಳು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೂ ಕೈಯಲ್ಲಿ ಹ್ಯಾಂಡಲು ಹಿಡಿದು. ಕೆಳಗೆ ನೆಲವೆಲ್ಲ ಸಗಣಿ ಗಂಜಲದ ರಾಡಿ. ಅವಳ ಸೀರೆಯ ಅಂಚಿನಿಂದ ಅದೇ ಹನಿಯುತ್ತಿತ್ತು. ಬೀದಿಯಲ್ಲಿ ಒಂದು ಜಗುಲಿಯೂ ಖಾಲಿ ಇರಲಿಲ್ಲ.

"ಎರಡು ಕೊಡ ಸುರುದ್ರು. ಏಳ್ತೀನಿ ಅಂದ್ಕಂಡ್ರು" ಅಂದಳು. "ನೆಲ ಗಲೀಜಾಯ್ತಲ್ಲ, ಮ್ಯಾಕೆ ಹತ್ತಿ ಕುಂತೆ."

"ಯಾರು ಸುರುದ್ದು?"

"ಯಾರಾದ್ರೇನು. ಮೊದ್ಲು ನಿನ್ ಕೆಲ್ಸ ನೋಡು."

ಅವನು ಆ ರಾಡಿಯಲ್ಲೇ ಕೂತು ಟ್ಯಾಂಕು ಇಳಿಸಿ ತೊಳೆದ. ಮೂರನೇ ಸಲಕ್ಕೂ ಬಟ್ಟೆಯಲ್ಲಿ ಕಂದುಬಣ್ಣ ಬಂತು. ನಾಲ್ಕನೇ ಸಲ ತೊಳೆದ. ಜೆಟ್ಟು ಕೂರಿಸಿದ. ರಾಡಿ ಮೆತ್ತಿದ ಬೆರಳಿನಿಂದ ಜಾರಿ ಒಂದು ಸ್ಕ್ರೂ ಎರಡು ಸಲ ಬಿತ್ತು, ಎರಡು ಸಲವೂ ವರಲಕ್ಷ್ಮಮ್ಮ ಎತ್ತಿಕೊಟ್ಟಳು. ಉಳಿದ ಪೆಟ್ರೋಲಿಗೆ ಆಯಿಲ್ ಬೆರೆಸಿ ಹುಯ್ದು, ತುಳಿದ. ಐದನೇ ತುಳಿತಕ್ಕೆ ಗಾಡಿ ಹತ್ತಿಕೊಂಡಿತು. ಒಳಗೆ ಸಿಕ್ಕಿದ್ದೆಲ್ಲ ಸುಟ್ಟು ನೀಲಿ ಹೊಗೆ ಬುಸ್ಸನೆ ಎದ್ದು ಬೋರಲಿಂಗಯ್ಯನ ಜಗುಲಿಯನ್ನು ಮುಚ್ಚಿತು. ಹೊಗೆಯೊಳಗಿಂದ ಅವನು ಕೆಮ್ಮುತ್ತ ಬೈಯುತ್ತಿರುವುದು ಕೇಳುತ್ತಿತ್ತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗಂಗಹನುಮಯ್ಯ ಕೇರಿಗೆ ತಿರುಗಿಸಿದ.

ಮನೆಯ ಬಾಗಿಲಲ್ಲಿ ದೊಡ್ಡಹನುಮಯ್ಯ ಕೂತಿದ್ದ. ವರಲಕ್ಷ್ಮಮ್ಮ ಕಾಲು ತೊಳೆಯುವ ಮುಂಚೆಯೇ ಮಾವನ ಮುಂದೆ ನಿಂತಳು.

"ನಿನ್ನೆ ಹಿಟ್ಟಿನ ಮಡಕೇಲಿ ಅರ್ಧ ಸೇರು ಕಮ್ಮಿ ಆಗಿತ್ತು. ಇಲಿ ಅಂದ್ಕಂಡಿದ್ದೆ ಮಾವ."

ಮುದುಕ ತಲೆ ಎತ್ತಲಿಲ್ಲ. "ಇಲಿಯಲ್ಲ. ನಾನೇ."

ಗಂಗಹನುಮಯ್ಯನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, ಬೆಳಿಗ್ಗೆ ಬೋರಲಿಂಗಯ್ಯನ ಮೇಲೆ ಎತ್ತಿದ್ದ ಕೈ ಈಗಲೂ ಏಳುತ್ತಿದೆ ಅನ್ನಿಸಿ ಕೈಯನ್ನು ಹಿಂದೆ ಕಟ್ಟಿಕೊಂಡ.

"ಯಾಕಪ್ಪಾ?"

"ಮಾರಿಹಬ್ಬದೊಳಗೆ ನಿನ್ ಕಾಲ್ ಮುರೀತೀವಿ ಅಂದ್ರು ಕಣ್ಲಾ. ನನ್ ಮುಂದೇನೇ ಅಂದ್ರು. ಗಾಡಿ ಕೆಟ್ಟೋದ್ರೆ ಕಾಲು ಉಳೀತದೆ ಅಂದ್ಕಂಡೆ. ಮನೆ ಮುಂದೇನೇ ಕೆಟ್ಟು ನಿಲ್ತದೆ ಅಂದ್ಕಂಡಿದ್ದೆ. ಅಲ್ಲಿಗಂಟ ಹೋಯ್ತದೆ ಅಂತ ನಂಗೇನ್ ಗೊತ್ತು?"

"ಅಲ್ಲಿ ನಿನ್ ಸೊಸೆ ಮ್ಯಾಲೆ ಗಂಜಲ ಸುರುದ್ರು."

"ಅದ್ಕೂ ಆ ಗಾಡೀನೇ ಕಾರ್ಣ."

"ನೀನ್ ಕಾರ್ಣ" ಅಂದ ಗಂಗಹನುಮಯ್ಯ. ಆ ಮಾತು ಆಡಿದ ಮೇಲೆ ಅವನು ಅಪ್ಪನ ಜೊತೆ ಒಂದೂವರೆ ವರ್ಷ ಮಾತಾಡಲಿಲ್ಲ.

ಕಾಲು ಮುರಿಯಲಿಲ್ಲ. ಒಂದು ದಿನವಿಡೀ ಊರೆಲ್ಲ ನೋಡಿದ್ದು ಸಾತನೂರಿನವರೆಗೂ ಹೋಗಿ, ಹೈಸ್ಕೂಲಿನ ಮೇಷ್ಟ್ರುಗಳ ಬಾಯಿಗೆ ಬಿತ್ತು. ಕೊನೆಗೆ ಠಾಣೆಯ ದಫೇದಾರನೊಬ್ಬ ಎಲಚಿದೊಡ್ಡಿಗೆ ಬಂದು ಬೋರಲಿಂಗಯ್ಯನ ಮನೆಯಲ್ಲಿ ಕಾಫಿ ಕುಡಿದು ಹೋದ. ಅಲ್ಲಿ ಏನು ಮಾತಾಯಿತೋ, ಯಾರೂ ಎದುರಿಗೆ ಬಂದು ತಡೆಯುವುದು ನಿಂತಿತು. ಹಾಗಂತ ಯಾರೂ ಒಲಿಯಲಿಲ್ಲ. ಗಾಡಿಯ ಸದ್ದು ಕೇಳಿದರೆ ಬೋರಲಿಂಗಯ್ಯ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದ. ಆಗೊಂದು ಈಗೊಂದು ಮುಳ್ಳು ಬೀಳುತ್ತಲೇ ಇತ್ತು. ಗಂಗಹನುಮಯ್ಯನೂ ಬೇಕೆಂದೇ ಆ ಜಗುಲಿಯ ಮುಂದೆ ಆಕ್ಸಿಲರೇಟರ್ ಒಂದಿಷ್ಟು ಹೆಚ್ಚು ಕೊಡುತ್ತಿದ್ದ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿಕೊಂಡು ಬಂದು, ಅಪ್ಪ ನೋಡುತ್ತಿರುವಾಗಲೇ ಬೀಗ ಹಾಕಿ ಕೀಯನ್ನು ಉಡುದಾರಕ್ಕೆ ಕಟ್ಟಿಕೊಂಡ.

ದೊಡ್ಡಹನುಮಯ್ಯ ಕಬ್ಬಾಳಿನ ಕಡೆ ಯಾರದೋ ತೋಟದಲ್ಲಿ ಸೊಪ್ಪು ಕುಯ್ಯುವ ಕೆಲಸ ಹಿಡಿದ. ದಿನಾ ಮೂರು ಮೈಲಿ ನಡೆದು ಹೋಗಿ, ನಡೆದು ಬರುತ್ತಿದ್ದ. ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ಒಂದು ಸಾಯಂಕಾಲ ಗಂಗಹನುಮಯ್ಯ ಶಾಲೆಯ ಕೆಲಸದ ಮೇಲೆ ಆ ಕಡೆ ಹೋಗಿ ಬರುವಾಗ, ಮುಂದೆ ರಸ್ತೆಯ ಅಂಚಿನಲ್ಲಿ ಅಪ್ಪ ನಡೆಯುತ್ತಿರುವುದು ಕಂಡಿತು. ಹೆಗಲ ಮೇಲೆ ಸೊಪ್ಪಿನ ಚೀಲ, ಎಡಗಾಲು ಎಳೆಯುತ್ತಿತ್ತು. ಗಾಡಿಯನ್ನು ಪಕ್ಕಕ್ಕೆ ತಂದು ಒಂದನೇ ಗೇರಿಗೆ 
ಇಳಿಸಿ, ಅಪ್ಪನ ನಡಿಗೆಗೆ ಸರಿಯಾಗಿ ನಿಧಾನಕ್ಕೆ ಬಿಟ್ಟ.

"ಹತ್ತಪ್ಪ."

ದೊಡ್ಡಹನುಮಯ್ಯ ಮುಂದೆ ನೋಡುತ್ತಲೇ ನಡೆದ.

"ಕಾಲು ಎಳೀತಾ ಐತೆ. ಹತ್ತು ಅಂದೆ."

"ಆ ಬೀದೀಲಿ ನಾನು ಇದ್ರ ಮ್ಯಾಲೆ ಕುಂತು ಹೋದ್ರೆ ಮಕ ಎಲ್ಲಿಟ್ಕಳ್ಲಿ?"

"ಅವ್ರು ಇಟ್ಕಳ್ಲಿ ಎಲ್ಲಾದ್ರೂ."

ಹಾಗೇ ಅರ್ಧ ಮೈಲಿ ಒಬ್ಬ ನಡೆದ, ಒಬ್ಬ ಪಕ್ಕದಲ್ಲೇ ಗಾಡಿ ಬಿಟ್ಟ. ಎಂಜಿನ್ ಬಿಸಿಯಾಗುತ್ತ ಬಂತು; ಇಷ್ಟು ನಿಧಾನಕ್ಕೆ ಓಡಿಸಿದರೆ ಪ್ಲಗ್ಗು ಮಸಿ ಹಿಡಿಯುತ್ತದೆ ಅಂತ ಗಂಗಹನುಮಯ್ಯನಿಗೆ ಗೊತ್ತಿತ್ತು, ಆದರೂ ಬಿಟ್ಟ. ಕೊನೆಗೆ ದೊಡ್ಡಹನುಮಯ್ಯ ನಿಂತು, ಹೆಗಲ ಮೇಲಿದ್ದ ಚೀಲವನ್ನು ಇಳಿಸಿ ಹಿಂದಿನ ಸೀಟಿನ ಮೇಲೆ ಇಟ್ಟ.

"ಇದನ್ನ ತಕಂಡ್ ಹೋಗು" ಅಂದ. "ನಾನ್ ಬತ್ತೀನಿ. ಹೊಗೆ ಮಕಕ್ಕೆ ಹೊಡೀತದೆ, ಬಿರ್ನೆ ಹೋಗು."

ಗಂಗಹನುಮಯ್ಯ ಗೇರು ಬದಲಿಸಿ, ಒಂದು ಕೈ ಹಿಂದೆ ಚಾಚಿ ಚೀಲ ಹಿಡಿದುಕೊಂಡು ಮುಂದೆ ಹೋದ.